ಭೂತಪ್ಪನವರ ಲ್ಯಾಬು

“ಹೊಸ ಡೈರೆಕ್ಟರು ಮಧ್ಯಾಹ್ನದ ಫ್ಲೈಟಿಗೆ ಬರ್ತಿದಾರೆ ಮೇಡಂ. ಸೋಗಾನೆ ಏರ್‌ಪೋರ್ಟಿಗೆ ನೀವೇ ಹೋಗಿ ಕರ್ಕೊಂಡು ಬಂದ್ರೆ ಅವರಿಗೂ ಒಂದು ಗೌರವ,” ಎಂದರು ಕೊಟ್ರಬಸಪ್ಪನವರು.

ತಾನು ಆಯ್ಕೆಯಾಗಿಲ್ಲ ಎಂಬುದು ಉಚ್ಚಂಗಮ್ಮನಿಗೆ ಗೊತ್ತಾದದ್ದು ಹೀಗೆ.

ಕೊಟ್ರಬಸಪ್ಪನವರು ಟ್ರಸ್ಟಿನ ಅಧ್ಯಕ್ಷರು. ಸವಳಂಗ ರಸ್ತೆಯ ಈ ಅಣು ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಅವರ ಟ್ರಸ್ಟಿನದು. ಹಳೆಯ ನಿರ್ದೇಶಕರು ತೀರಿಕೊಂಡ ಮೇಲೆ ಅದನ್ನು ನಡೆಸಿದವಳು ಉಚ್ಚಂಗಮ್ಮ. ಪ್ರಭಾರ ನಿರ್ದೇಶಕಿ. ನೀರಿನ ಪೈಪು ಒಡೆದರೂ ಅವಳೇ ಓಡಬೇಕು, ದಿಲ್ಲಿಯಿಂದ ತಪಾಸಣೆಯವರು ಬಂದರೂ ಅವಳೇ ನಿಲ್ಲಬೇಕು. ಹುದ್ದೆಗೆ ಜಾಹೀರಾತು ಬಂದಾಗ ಅವಳೂ ಅರ್ಜಿ ಹಾಕಿದ್ದಳು.

“ಸಂದರ್ಶನ ಏನಾಯ್ತು ಅಂತ ನನಗೆ ಯಾರೂ ಹೇಳಲಿಲ್ಲ ಸರ್.”

“ಈಗ ಹೇಳ್ದೆನಲ್ಲ.” ಅವರು ನಕ್ಕರು. “ಬೇಜಾರು ಮಾಡ್ಕೋಬೇಡಿ. ನಿಮ್ಮ ವಿಜ್ಞಾನದ ಬಗ್ಗೆ ಕಮಿಟೀಲಿ ಎರಡು ಮಾತಿಲ್ಲ. ಆದ್ರೆ ಲೀಡರ್ ಅನ್ನೋದೇ ಬೇರೆ ನೋಡಿ.”

ಲೀಡರ್ ಅನ್ನೋದು ಹೇಗೆ ಬೇರೆ ಎಂಬುದನ್ನು ಸಂದರ್ಶನದ ದಿನವೇ ಹೇಳಿದ್ದರು. ಸಮಿತಿಯಲ್ಲಿ ಎಲ್ಲರೂ ಗಂಡಸರು. ಸಂಶೋಧನೆಯ ಬಗ್ಗೆ ಬೇಗ ಬೇಗ ಕೇಳಿ ಮುಗಿಸಿದ್ದರು. ಆಮೇಲೆ ಒಬ್ಬರು ಕನ್ನಡಕ ತೆಗೆದು ಒರೆಸುತ್ತಾ ಕೇಳಿದ್ದರು: “ನಮ್ಮ ದಾನಿಗಳೆಲ್ಲ ಹಳೇ ಕಾಲದೋರು. ದೀಪಾವಳಿ ಆದ್ಮೇಲೆ ನಿರ್ದೇಶಕರನ್ನ ಮನೆಗೆ ಊಟಕ್ಕೆ ಕರೀತಾರೆ. ಪಂಕ್ತೀಲಿ ಕೂತು ಉಂಡು, ಮನೆಯೋರ ಹಾಗೆ ನಾಕು ಮಾತಾಡಿದ್ರೇನೇ ಸಂಸ್ಥೆ ನಡೆಯೋದು. ನೀವು ನಿಭಾಯಿಸ್ತೀರಾ?”

“ಕರೆದ್ರೆ ಹೋಗ್ತೀನಿ,” ಎಂದಿದ್ದಳು ಉಚ್ಚಂಗಮ್ಮ.

“ಹೌದು, ಕರೀಬೇಕಲ್ಲ,” ಎಂದು ಅವರು ಕನ್ನಡಕ ಹಾಕಿಕೊಂಡಿದ್ದರು. ಎಲ್ಲರೂ ತಮ್ಮ ತಮ್ಮ ಮುಂದಿದ್ದ ಹಾಳೆ ನೋಡಿದ್ದರು.

ಅವಳು ಪ್ರಭಾರದಲ್ಲಿದ್ದ ಯಾವ ವರ್ಷವೂ ದಾನಿಗಳಾದ ಅಡಿಕೆ ಮಂಡಿ ಮಾಲೀಕರ ಮನೆಗಳಿಂದ ಅವಳಿಗೆ ಕರೆ ಬಂದಿರಲಿಲ್ಲ. ಅಧ್ಯಕ್ಷರು ಹೋಗುತ್ತಿದ್ದರು. ಆಫೀಸಿನ ಮ್ಯಾನೇಜರು ಹೋಗುತ್ತಿದ್ದ. ಮಾರನೆಯ ದಿನ ಅವಳ ಮೇಜಿನ ಮೇಲೆ ಒಂದು ಸಿಹಿ ಡಬ್ಬಿ ಬಂದು ಕೂರುತ್ತಿತ್ತು. ಭದ್ರಾವತಿಯ ಮಾದಿಗರ ಕೇರಿಯವಳು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಿಹಿ ಡಬ್ಬಿ ಕಳಿಸುತ್ತಿದ್ದರು, ಅಷ್ಟೆ.

“ಹೋಗ್ತೀನಿ ಸರ್,” ಎಂದು ಎದ್ದಳು.

ಲ್ಯಾಬಿನಲ್ಲಿ ವಜೀರಾ ಜೀವಕೋಶಗಳಿಗೆ ಆಹಾರ ಬದಲಿಸುತ್ತಿದ್ದಳು. ಗಾಜಿನ ಗೂಡಿನೊಳಗೆ ತೋಳು ತೂರಿಸಿ, ಬಾಟಲಿಯ ಹಳೆಯ ದ್ರವ ಹೀರಿ, ಹೊಸದನ್ನು ತೊಟ್ಟು ತೊಟ್ಟಾಗಿ ಬಿಡುವ ಕೆಲಸ. ಉಸಿರು ಕೂಡ ಬಾಟಲಿಗೆ ತಾಗಬಾರದು. ವಜೀರಾ ಬಂದದ್ದು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ. ಈ ಕೆಲಸವನ್ನು ಉಚ್ಚಂಗಮ್ಮ ಕಲಿಸಿದ್ದಳು. ಇಬ್ಬರೂ ಭದ್ರಾವತಿಯವರು. ಬೆಳಿಗ್ಗೆ ಒಂದೇ ಬಸ್ಸಿಗೆ ಬಂದು ಸಂಜೆ ಒಂದೇ ಬಸ್ಸಿಗೆ ಹೋಗುವವರು. ಜನರ ಎದುರು ಮೇಡಂ ಎನ್ನುವ ವಜೀರಾ ಬಸ್ಸಿನಲ್ಲೂ ಇಬ್ಬರೇ ಇದ್ದಾಗಲೂ ಅಕ್ಕಾ ಎನ್ನುತ್ತಿದ್ದಳು.

“ಮುಖ ನೋಡಿದ್ರೇನೇ ಗೊತ್ತಾಯ್ತು ಬಿಡಕ್ಕ,” ಎಂದಳು ಗೂಡಿನಿಂದ ಕೈ ತೆಗೆಯದೆ. “ಯಾರಂತೆ?”

“ಜ್ಞಾನೇಶ್ ಅಂತ. ಪುಣೆಯಿಂದ ಬರ್ತಿದಾರೆ. ನಾನೇ ಹೋಗಿ ಕರ್ಕೊಂಡು ಬರಬೇಕಂತೆ.”

“ಕರ್ಕೊಂಡು ಬಂದು? ಕಾಲು ತೊಳ್ಸಿ ಆರತಿ ಎತ್ತಬೇಕಾ?”

“ಆರತಿಗೆ ಮುತ್ತೈದೇರನ್ನ ಆರಿಸಿ ಆಗಿದೆ. ಆ ಲಿಸ್ಟಲ್ಲೂ ನಾನಿಲ್ಲ.”

ವಜೀರಾ ನಕ್ಕಳು. ನಗು ಬೇಗ ಮುಗಿಯಿತು. “ಗಂಡನೂ ಬೇಕು, ಜಾತಿನೂ ಬೇಕು. ಎರಡೂ ಇಲ್ದೋರು ಮಾಡಿದ ಕೆಲಸ ಮಾತ್ರ ಬೇಕು ಇವರಿಗೆ.”

ಉಚ್ಚಂಗಮ್ಮ ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬಾಗಿಲು ತೆರೆದು ಒಳಗಿನ ಬಾಟಲಿಗಳನ್ನು ನೋಡಿದಳು. ಬಿಸಿ ತಾಗಿದಾಗ ಜೀವಕೋಶದೊಳಗೆ ಏನಾಗುತ್ತದೆ ಎಂಬುದು ಅವಳ ಕೆಲಸ. ಮೊಟ್ಟೆ ಬೇಯುವ ಹಾಗೆ ಕೋಶದೊಳಗಿನ ಪ್ರೋಟೀನುಗಳು ಕೆಡುತ್ತವೆ. ಕೆಡದ ಹಾಗೆ ಕಾಯುವ ಬೇರೆ ಪ್ರೋಟೀನುಗಳೂ ಇರುತ್ತವೆ. ಅವು ಎಷ್ಟು ದಿನ ಕಾಯಬಲ್ಲವು? ಅದನ್ನು ತಿಳಿಯಲು ಅವಳು ವರ್ಷಗಟ್ಟಲೆ ಕೋಶಗಳನ್ನು ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪ ಸ್ವಲ್ಪವೇ ಹೆಚ್ಚು ಬಿಸಿಯಲ್ಲಿ ಬೆಳೆಸಿದ್ದಳು. ಇಷ್ಟು ಬಿಸಿಯಲ್ಲಿ ಬದುಕಿದ ಇಂಥ ಕೋಶ ಬೇರೆಲ್ಲೂ ಇರಲಿಲ್ಲ. ಹೆಪ್ಪುಗಟ್ಟಿಸಿ ಎತ್ತಿಡಲು ನೋಡಿದ್ದಳು. ಮತ್ತೆ ಎಬ್ಬಿಸಿದಾಗ ಸತ್ತಿರುತ್ತಿದ್ದವು. ಹಾಗಾಗಿ ದಿನ ಬಿಟ್ಟು ದಿನ ಯಾರಾದರೂ ಬಂದು ಆಹಾರ ಬದಲಿಸಲೇಬೇಕು. ಹಬ್ಬವಿರಲಿ, ಭಾನುವಾರವಿರಲಿ, ಇವಳು ಇಲ್ಲವೇ ವಜೀರಾ.

ಬಾಟಲಿಗಳೇ ಇವರ ಮಕ್ಕಳು ಎಂದು ಒಮ್ಮೆ ಪೇಪರಿನವರು ಬರೆದಿದ್ದರು. ಅವಳಿಗೆ ಸಿಟ್ಟು ಬಂದಿತ್ತು. ಮಕ್ಕಳಲ್ಲ. ಕೆಲಸ. ಗಂಡಸಿನ ಕೆಲಸವನ್ನು ಯಾರೂ ಅವನ ಮಕ್ಕಳು ಎನ್ನುವುದಿಲ್ಲ.

ವಿಮಾನ ಹೊತ್ತಿಗೆ ಸರಿಯಾಗಿ ಬಂತು. ಜ್ಞಾನೇಶ್ ಅವಳಿಗಿಂತ ಚಿಕ್ಕವನು, ನಗುಮುಖದವನು. “ಇನ್‌ಚಾರ್ಜ್ ಮೇಡಂ ಬರ್ತಾರೆ ಅಂದಿದ್ರು. ನೀವೇನಾ?” ಎಂದ. ನಾನೇ ಎಂದಳು. ಅವನು ಹೆಸರು ಕೇಳಲಿಲ್ಲ. ಚೀಲವನ್ನು ಡ್ರೈವರ್ ಹಾಲೇಶ್ ಎತ್ತಿಟ್ಟ. ಕಾರು ಹೊರಟಿತು.

“ಭೂತಪ್ಪನವರೂ ಬಂದಿರ್ತಾರೇನೋ ಅಂದ್ಕೊಂಡಿದ್ದೆ,” ಎಂದ ಜ್ಞಾನೇಶ್. “ಅವರ ರಿಸರ್ಚ್ ಪೇಪರು ಓದ್ಕೊಂಡೇ ನಾನು ಈ ಫೀಲ್ಡಿಗೆ ಬಂದದ್ದು ಮೇಡಂ. ಯು. ಭೂತಪ್ಪ. ಎಲ್ಲೂ ಕಾಣಿಸ್ಕೊಳ್ಳಲ್ಲ ಮಾರಾಯ್ರು. ಯಾವ ಕಾನ್ಫರೆನ್ಸಿಗೂ ಬರಲ್ಲ.”

ಕನ್ನಡಿಯಲ್ಲಿ ಹಾಲೇಶನ ಕಣ್ಣು ಅವಳ ಕಡೆ ಬಂತು. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಕಾನ್ಫರೆನ್ಸಿನ ವರ್ಷಗಳೆಲ್ಲ ಆಸ್ಪತ್ರೆಯಲ್ಲಿ ಕಳೆದಿದ್ದವು. ಮೊದಲು ಅಪ್ಪ, ಆಮೇಲೆ ಅವ್ವ.

“ಅವರ ಲ್ಯಾಬು ಸಿಗದಿದ್ರೆ ನಾನು ಬರ್ತಿರಲಿಲ್ಲ, ನಿಜ ಹೇಳ್ತೀನಿ,” ಎಂದು ಜ್ಞಾನೇಶ್ ಮುಂದುವರಿಸಿದ. “ಪುಣೇಲಿ ನನಗೇನು ಕಮ್ಮಿ ಇತ್ತು? ಅಧ್ಯಕ್ಷರಿಗೆ ಅದನ್ನೇ ಹೇಳ್ದೆ. ಭೂತಪ್ಪನವರ ಲ್ಯಾಬು, ಆ ಕೋಶಗಳು, ಅಲ್ಲಿ ಕೆಲಸ ಮಾಡೋ ಜನ, ಎಲ್ಲ ಕೊಟ್ರೆ ಬರ್ತೀನಿ ಅಂತ. ಅದಕ್ಕೇನು ಸ್ವಾಮಿ, ಅವರು ಒಪ್ಪಿ ಆಗಿದೆ, ಖುಷಿಯಿಂದ ಬಿಟ್ಟುಕೊಡ್ತಿದಾರೆ ಅಂದ್ರು. ದೊಡ್ಡ ಮನುಷ್ಯರು. ಮೊದಲು ಅವರ ಕಾಲಿಗೆ ನಮಸ್ಕಾರ ಮಾಡಿ ಆಮೇಲೆ ಚಾರ್ಜ್ ತಗೊಳ್ಳೋಣ ಅಂತ.”

ಹುದ್ದೆ ಹೋಯಿತು ಎಂದು ಬೆಳಿಗ್ಗೆ ತಿಳಿದಿತ್ತು. ಆ ನೋವು ಹಳೆಯದು, ಅದಕ್ಕೆ ಅವಳ ಮೈ ಒಗ್ಗಿತ್ತು. ಇದು ಬೇರೆ. ಹೊಸಬನನ್ನು ಕರೆಸಲು ಅವಳ ಲ್ಯಾಬನ್ನೇ ಆಮಿಷವಾಗಿ ಒಡ್ಡಿದ್ದರು. ವಜೀರಾಳ ಕೈಗಳನ್ನೂ ಸೇರಿಸಿ. ಅವಳು ಒಪ್ಪಿದ್ದಾಳೆ ಎಂದು ಅವಳ ಪರವಾಗಿ ಅವರೇ ಒಪ್ಪಿಕೊಂಡಿದ್ದರು.

“ಭೂತಪ್ಪನವರನ್ನ ನೋಡಬೇಕಾ?” ಎಂದಳು.

“ಈಗಲಾ? ಸಿಗ್ತಾರಾ?”

“ಸಿಗ್ತಾರೆ. ಹಾಲೇಶ, ಭದ್ರಾವತಿ ಕಡೆ ತಿರುಗಿಸಪ್ಪ.”

“ಮೇಡಂ, ಸಾಹೇಬ್ರು ಮೀಟಿಂಗ್ ಹಾಲಲ್ಲಿ ಕಾಯ್ತಿದಾರೆ. ದಾನಿಗಳೂ ಬಂದಾಗಿದೆ. ನನ್ನ ಕೆಲಸಕ್ಕೆ ಕಲ್ಲು ಬೀಳುತ್ತೆ.”

“ನಾನು ಹೇಳ್ದೆ ಅಂತ ಹೇಳು. ಇವತ್ತಿನ ಮಟ್ಟಿಗೆ ಇನ್‌ಚಾರ್ಜ್ ನಾನೇ.”

ಹಾಲೇಶ್ ಏನೋ ಗೊಣಗುತ್ತಾ ಕಾರು ತಿರುಗಿಸಿದ.

ಕೇರಿ ದಾಟಿದರೆ ಕಬ್ಬಿಣ ಕರಗಿಸುತ್ತಿದ್ದ ಹಳೆಯ ಫೌಂಡ್ರಿಯ ಗೋಡೆ. ಫೌಂಡ್ರಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಗೋಡೆಯ ಹಿಂದೆ ಕುಲುಮೆಯಿಂದ ತಂದು ಸುರಿದ ಕಿಟ್ಟದ ರಾಶಿ ಕಪ್ಪಗೆ ಗುಡ್ಡೆ ಬಿದ್ದಿತ್ತು. ಅದರ ಮಗ್ಗುಲಿಗೇ ಕೇರಿಯ ಜನರನ್ನು ಮಣ್ಣು ಮಾಡುವ ಜಾಗ. ಕಾರು ಅಲ್ಲಿಯವರೆಗೆ ಹೋಗುವುದಿಲ್ಲ. ಅವಳು ಇಳಿದು ಮುಂದೆ ನಡೆದಳು. ಜ್ಞಾನೇಶ್ ಪ್ಯಾಂಟಿಗೆ ಅಂಟುವ ಮುಳ್ಳು ಬಿಡಿಸಿಕೊಳ್ಳುತ್ತಾ ಹಿಂದೆ ಬಂದ. ಯಾಕೆ ಇಲ್ಲಿಗೆ ಎಂದು ಅವನು ಕೇಳಲಿಲ್ಲ. ಕೇಳಲು ಹೆದರಿದವನ ಹಾಗೆ ಕಂಡ.

ಸಿಮೆಂಟು ಬಳಿದ ಒಂದು ಸಣ್ಣ ಕಟ್ಟೆಯ ಮುಂದೆ ಅವಳು ನಿಂತಳು.

“ಇವರೇ ಭೂತಪ್ಪ. ನಮ್ಮಪ್ಪ. ಈ ಫೌಂಡ್ರೀಲಿ ಕುಲುಮೆ ಕೆಲಸ. ಪೇಪರಿನ ಭೂತಪ್ಪ ನಾನು. ನನ್ನ ಹೆಸರು ಉಚ್ಚಂಗಮ್ಮ. ಅಪ್ಪನ ಹೆಸರೂ ಅಚ್ಚಲ್ಲಿ ಬರಲಿ ಅಂತ ಹಾಗೆ ಬರ್ಕೊಂಡೆ.” ಅವಳು ಸೆರಗು ಸರಿಮಾಡಿಕೊಂಡಳು. “ಲ್ಯಾಬು ಬಿಟ್ಟುಕೊಡ್ತೀನಿ ಅಂತ ಇವರೂ ಹೇಳಿಲ್ಲ. ನಾನೂ ಹೇಳಿಲ್ಲ.”

ಶೂ ಬಿಚ್ಚಲೋ ಬೇಡವೋ ಎಂದು ಜ್ಞಾನೇಶ್ ಬಗ್ಗಿ ಮತ್ತೆ ನೆಟ್ಟಗಾದ.

ಅಪ್ಪನ ಮೈಯಲ್ಲಿ ಕೂದಲೇ ಇರಲಿಲ್ಲ. ಮೊಣಕೈಯಿಂದ ಕೆಳಗೆ ಚರ್ಮ ಹೊಳೆಯುತ್ತಿತ್ತು, ಸುಟ್ಟು, ಮಾಗಿ, ಮತ್ತೆ ಸುಟ್ಟು. ಬೇಸಿಗೆಯಲ್ಲಿ ಕುಲುಮೆಯ ಮುಂದೆ ನಿಂತು ಬಂದವನು ಹಿತ್ತಲಿನ ಕಲ್ಲಿನ ಮೇಲೆ ಕೂತು ಅವ್ವನ ಕೈಯಲ್ಲಿ ನೀರು ಸುರಿಸಿಕೊಳ್ಳುತ್ತಿದ್ದ. ಮೈಮೇಲೆ ಬಿದ್ದ ನೀರು ಬೆಚ್ಚಗಾಗಿ ಇಳಿಯುತ್ತಿತ್ತು. ಇಷ್ಟು ಬಿಸಿ ತಡೆಯೋಕೆ ಒಳಗೆ ಏನಿದೆ ಎಂದು ಅವಳು ಮೊದಲು ಕೇಳಿಕೊಂಡದ್ದು ಅಲ್ಲಿ. ಉತ್ತರ ಸಿಗುವ ಮೊದಲೇ ಅಪ್ಪ ಕೆಮ್ಮಿ ಕೆಮ್ಮಿ ಸತ್ತ. ಇದನ್ನೆಲ್ಲ ಅವಳು ಈ ಹೊಸಬನಿಗೆ ಹೇಳಲಿಲ್ಲ. ಅವನಿಗೆ ಸೇರಿದ್ದಲ್ಲ ಅದು.

“ನನಗೆ ಗೊತ್ತಿರಲಿಲ್ಲ ಮೇಡಂ,” ಎಂದ ಜ್ಞಾನೇಶ್.

“ಈಗ ಗೊತ್ತಾಯ್ತಲ್ಲ.”

“ಪುಣೇಲಿ ರಾಜೀನಾಮೆ ಕೊಟ್ಟು ಬಂದಿದೀನಿ. ಮನೆ ಸಾಮಾನು ಲಾರೀಲಿದೆ. ಮತ್ತೆ, ನಾನು ಬೇಡ ಅಂದ್ರೂ ಈ ಹುದ್ದೆ ನಿಮಗೆ ಕೊಡಲ್ಲ ಅವರು.”

“ಕೊಡಲ್ಲ. ನಾನು ಕೇಳ್ತಿರೋದು ಹುದ್ದೆ ಅಲ್ಲ. ನೀವು ಡೈರೆಕ್ಟರಾಗಿ. ಲ್ಯಾಬು ನನ್ನದು. ಅದು ನಿಮಗೆ ಬೇಡ ಅಂತ ಅವರಿಗೆ ಒಂದು ಮಾತು ಹೇಳಿ.”

ಅವನು ಕಿಟ್ಟದ ರಾಶಿಯ ಕಡೆ ನೋಡಿದ. “ಆ ಲ್ಯಾಬಿಲ್ಲದೆ ನಾನಿಲ್ಲಿ ಬಂದು ಏನು ಮಾಡ್ಲಿ ಮೇಡಂ?”

ಸುಳ್ಳು ಹೇಳಲಿಲ್ಲ ಎನ್ನುವುದಷ್ಟೇ ಸಮಾಧಾನ. ಅವಳು ಕಾರಿನ ಕಡೆ ತಿರುಗಿದಳು.

ಸಂಸ್ಥೆಯ ಮೆಟ್ಟಿಲ ಮೇಲೆ ಪೂರ್ಣಕುಂಭ ಹಿಡಿದ ಹೆಂಗಸರು ನಿಂತು ನಿಂತು ಸೋತಿದ್ದರು. ಕೊಟ್ರಬಸಪ್ಪನವರ ಮುಖ ಕೆಂಪಾಗಿತ್ತು. “ಎಲ್ಲಿಗೆ ಹೋಗಿದ್ರಿ?” ಎಂದು ಹಲ್ಲು ಕಚ್ಚಿ ಕೇಳಿದರು.

“ಭೂತಪ್ಪನವರನ್ನ ನೋಡಬೇಕು ಅಂದ್ರು. ತೋರಿಸ್ದೆ.”

ಅವರು ಜ್ಞಾನೇಶನ ಮುಖ ನೋಡಿದರು. ಅವನು ನೆಲ ನೋಡಿದ. ಅವರಿಗೆ ಅಷ್ಟು ಸಾಕಾಯಿತು. ನಗುತ್ತಾ ಅವನ ಹೆಗಲ ಮೇಲೆ ಕೈ ಹಾಕಿ ಸಭಾಂಗಣದೊಳಗೆ ಕರೆದುಕೊಂಡು ಹೋದರು.

ಮುಂದಿನ ಸಾಲಿನಲ್ಲಿ ದಾನಿಗಳು ಕೂತಿದ್ದರು. ಸಂಸ್ಥೆಯ ಕೆಲಸದವರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು, ಅವರ ನಡುವೆ ವಜೀರಾ. ಪ್ರಾರ್ಥನೆ ಆಯಿತು. ಕೊಟ್ರಬಸಪ್ಪನವರು ಮೈಕು ಹಿಡಿದರು. ದೇಶವೆಲ್ಲ ಹುಡುಕಿ ಒಬ್ಬ ನಾಯಕನನ್ನು ತಂದಿದ್ದೇವೆ ಎಂದರು. ಚಪ್ಪಾಳೆ ಬಿತ್ತು. “ನಮ್ಮ ಉಚ್ಚಂಗಮ್ಮ ಮೇಡಂ ದೊಡ್ಡ ಮನಸ್ಸು ಮಾಡಿ ತಮ್ಮ ಲ್ಯಾಬನ್ನ ಹೊಸ ನಿರ್ದೇಶಕರಿಗೆ ಬಿಟ್ಟುಕೊಡ್ತಿದಾರೆ. ಇಂಥ ತ್ಯಾಗ ಹೆಣ್ಮಕ್ಕಳಿಗೆ ಮಾತ್ರ ಸಾಧ್ಯ. ಈಗ ಅವರೇ ಶಾಲು ಹೊದಿಸ್ತಾರೆ.”

ಮತ್ತೆ ಚಪ್ಪಾಳೆ. ಯಾರೋ ಶಾಲಿನ ತಟ್ಟೆ ತಂದು ಅವಳ ಮುಂದೆ ಹಿಡಿದರು. ಉಚ್ಚಂಗಮ್ಮ ಎದ್ದಳು. ತಟ್ಟೆ ಮುಟ್ಟಲಿಲ್ಲ.

“ಇಲ್ಲ,” ಎಂದಳು.

ಅವಳ ಮುಂದೆ ಮೈಕಿರಲಿಲ್ಲ. ಚಪ್ಪಾಳೆ ನಿಂತಿತ್ತು, ಹಾಗಾಗಿ ಕೇಳಿಸಿತು.

“ನಾನು ಬಿಟ್ಟುಕೊಡ್ತಿಲ್ಲ. ನನ್ನನ್ನ ಯಾರೂ ಕೇಳಿಲ್ಲ. ನಾನೂ ಈ ಹುದ್ದೆಗೆ ಅರ್ಜಿ ಹಾಕಿದ್ದೆ. ಕೊಡಲಿಲ್ಲ. ಯಾಕೆ ಕೊಡಲಿಲ್ಲ ಅಂದ್ರೆ ನೀವು ನನ್ನನ್ನ ಊಟಕ್ಕೆ ಕರಿಯಲ್ಲವಂತೆ.” ಅವಳು ಮುಂದಿನ ಸಾಲನ್ನು ನೋಡಿದಳು. “ಕರೀಬೇಡಿ. ನನಗೆ ಮನೇಲಿ ಅನ್ನ ಇದೆ. ಆದ್ರೆ ನನ್ನ ದುಡಿಮೆ ತಗೊಂಡು ಅದನ್ನ ತ್ಯಾಗ ಅನ್ನಬೇಡಿ. ಇದು ಕಸಿದುಕೊಳ್ಳೋದು.”

ಮುಂದಿನ ಸಾಲಿನಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಇನ್ನೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಹಿಂದಿನ ಗೋಡೆಯ ಬಳಿಯಿಂದ ವಜೀರಾ ಒಬ್ಬಳೇ ಚಪ್ಪಾಳೆ ತಟ್ಟಿದಳು, ಜೋರಾಗಿ.

“ಮೇಡಂ ಸ್ವಲ್ಪ ಭಾವುಕರಾಗಿದ್ದಾರೆ,” ಎಂದರು ಕೊಟ್ರಬಸಪ್ಪನವರು ಮೈಕಿನಲ್ಲಿ. “ಸಹಜ.” ಶಾಲನ್ನು ತಾವೇ ಎತ್ತಿಕೊಂಡರು. ಜ್ಞಾನೇಶ್ ಕತ್ತು ಬಗ್ಗಿಸಿದ. ಆಮೇಲೆ ಎಲ್ಲರೂ ಊಟಕ್ಕೆ ಎದ್ದರು.

ಅವತ್ತು ಸಂಜೆಗೇ ಲ್ಯಾಬಿಗೆ ಬೇರೆ ಬೀಗ ಬಿತ್ತು. ಅವಳನ್ನು ರಜೆಯ ಮೇಲೆ ಕಳಿಸಿದರು. ಕರೆಯುವವರೆಗೆ ಬರಬೇಡಿ ಎಂದರು. ಅವಳ ವಿದ್ಯಾರ್ಥಿಗಳನ್ನು ಬೇರೆ ಲ್ಯಾಬುಗಳಿಗೆ ಹಂಚಿದರು. ಅವರಲ್ಲಿ ಯಾರೂ ಆ ಕೋಶಗಳ ಆರೈಕೆ ಕಲಿತಿರಲಿಲ್ಲ, ಆ ಪೆಟ್ಟಿಗೆಯನ್ನು ಅವಳು ವಜೀರಾಳಲ್ಲದೆ ಬೇರೆ ಯಾರ ಕೈಗೂ ಬಿಡುತ್ತಿರಲಿಲ್ಲ. ವಜೀರಾಳಿಗೆ ಮಾತ್ರ ಇರು ಎಂದರು, ಹೊಸ ಸರ್ ಹೇಳಿದ ಹಾಗೆ ಮಾಡು ಎಂದರು. ವಜೀರಾ ಏಪ್ರನ್ ಬಿಚ್ಚಿ ಮ್ಯಾನೇಜರನ ಮೇಜಿನ ಮೇಲಿಟ್ಟಳು. “ಮೆಷಿನ್ನಿನ ಜೊತೆ ನನ್ನೂ ಬರೆದು ಕೊಟ್ರಾ? ನಾನು ಬರಲ್ಲ,” ಎಂದು ಬಸ್ಸು ಹತ್ತಿದಳು. ಮನೆಯಲ್ಲಿ ಗಂಡ ಜಮ್ಶೀದ್, ಗ್ಯಾರೇಜಿನ ಕೈ ತೊಳೆಯುತ್ತಾ, ಒಂದು ಮಾತೂ ಬಯ್ಯಲಿಲ್ಲವಂತೆ. ಅದಕ್ಕೇ ತನಗೆ ಅಳು ಬಂತು ಎಂದು ಆಮೇಲೆ ಉಚ್ಚಂಗಮ್ಮನಿಗೆ ಹೇಳಿದಳು.

ಭಾನುವಾರ ಬೆಳಿಗ್ಗೆ ಫೋನು ಬಂತು. ವಜೀರಾ ಆಗಷ್ಟೇ ಬಂದು ಉಚ್ಚಂಗಮ್ಮನ ಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಉಚ್ಚಂಗಮ್ಮ ಫೋನನ್ನು ಇಬ್ಬರಿಗೂ ಕೇಳುವ ಹಾಗೆ ಇಟ್ಟಳು.

“ಮೇಡಂ, ನಾನು ಜ್ಞಾನೇಶ್. ಬಾಟಲೀಲಿರೋ ದ್ರವ ಎಲ್ಲ ಹಳದಿ ಆಗ್ತಿದೆ. ಕೆಂಪಗಿರಬೇಕಲ್ವಾ? ಆಹಾರ ಬದಲಿಸ್ದೆ. ನಿಮ್ಮ ಪೇಪರಲ್ಲಿದ್ದ ಹಾಗೇ ಮಾಡ್ದೆ. ಆದ್ರೂ ಸಾಯ್ತಿವೆ.”

ಪೇಪರಿನಲ್ಲಿದ್ದದ್ದು ಹಳೆಯ ತಲೆಮಾರಿನ ಕೋಶಗಳ ವಿಷಯ. ಈಗಿನವಕ್ಕೆ ಅಷ್ಟು ಸಾಲದು.

“ಎಷ್ಟು ಬಿಸೀಲಿಡಬೇಕು, ಆಹಾರಕ್ಕೆ ಏನು ಸೇರಿಸಬೇಕು, ಅಷ್ಟು ಹೇಳಿ. ನನಗೋಸ್ಕರ ಬೇಡ. ನಿಮ್ಮ ಕೆಲಸ ಮೇಡಂ ಇದು. ನಿಮ್ಮ ಕಣ್ಣೆದುರೇ ಹಾಳಾಗಬಾರದು.”

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಒಂದೇ ವಾಕ್ಯ. ಹೇಳಿದರೆ ಮಧ್ಯಾಹ್ನದೊಳಗೆ ಅವು ಚೇತರಿಸಿಕೊಳ್ಳುತ್ತವೆ. ಹೇಳಿದರೆ ನಾಳೆಯಿಂದ ಅವು ಅವನವು. ಅವಳ ಬಲಗೈಯ ಬೆರಳುಗಳು ಸೀರೆಯ ಮೇಲೆ ತಾವಾಗಿಯೇ ಮಡಚಿಕೊಂಡವು, ಬಾಟಲಿ ಹಿಡಿದ ಹಾಗೆ. ಯಾರದ್ದಾದರೂ ಆಗಲಿ, ಬದುಕಲಿ ಎಂದು ಒಳಗೆ ಯಾರೋ ಬೇಡಿಕೊಂಡರು. ಹೆಂಗಸರ ಒಳಗೆ ಹಾಗೆ ಬೇಡಿಕೊಳ್ಳುವವಳು ಒಬ್ಬಳು ಇದ್ದೇ ಇರುತ್ತಾಳೆ. ಅವಳನ್ನು ನಂಬಿಕೊಂಡೇ ಅವರು ಕಸಿದುಕೊಳ್ಳುತ್ತಾರೆ.

“ಬೀಗ ತೆಗೆಸಿ,” ಎಂದಳು. “ಲ್ಯಾಬು ನನ್ನದು ಅಂತ ಅಧ್ಯಕ್ಷರಿಗೆ ಹೇಳಿ. ಈಗಲೇ ಬಸ್ಸು ಹತ್ತಿ ಬರ್ತೀನಿ. ವಜೀರಾನೂ ಬರ್ತಾಳೆ.”

“ಅದು ನನ್ನ ಕೈಯಲ್ಲಿಲ್ಲ ಮೇಡಂ.”

“ಹಾಗಾದ್ರೆ ನಾನು ಹೇಳಲ್ಲ.”

ಫೋನು ಕಟ್ ಮಾಡಿದಳು. ಅದು ಮತ್ತೆ ಬಡಿದುಕೊಂಡಿತು. ಮತ್ತೆ. ಆಮೇಲೆ ನಿಂತಿತು. ಉಚ್ಚಂಗಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಕಣ್ಣಲ್ಲಿ ನೀರಿರಲಿಲ್ಲ.

“ಸಂಜೆವರೆಗೆ ಇರ್ತಾವೇನಕ್ಕ?” ಎಂದಳು ವಜೀರಾ.

“ಇಲ್ಲ ಮಾರಾಯ್ತಿ. ಮಧ್ಯಾಹ್ನಕ್ಕೇ.”

ವಜೀರಾ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳು. ಬಿಸಿಲು ಹೊಸ್ತಿಲಿನಿಂದ ಅಂಗಳಕ್ಕೆ ಸರಿಯಿತು. ಪಕ್ಕದ ಮನೆಯಲ್ಲಿ ಟಿವಿ ಹಾಡುತ್ತಿತ್ತು. ಉಚ್ಚಂಗಮ್ಮ ಕೂತಲ್ಲೇ ಇದ್ದಳು. ಅಡುಗೆಗೆ ಏಳಬೇಕೆಂದು ಒಮ್ಮೆ ನೆಲಕ್ಕೆ ಕೈಯೂರಿದಳು, ಏಳಲಾಗಲಿಲ್ಲ.

ವಜೀರಾ ಬಂದಾಗ ಅವಳ ಕೈಯಲ್ಲಿ ಬುತ್ತಿಯಿತ್ತು. ಅನ್ನ, ಬೇಳೆಸಾರು, ಹುರಿದ ಆಲೂಗಡ್ಡೆ. ತಾನೇ ಒಳಗೆ ಹೋಗಿ ತಟ್ಟೆ ತಂದಳು.

“ಯಾಕೆ ತಂದೆ?” ಎಂದಳು ಉಚ್ಚಂಗಮ್ಮ.

“ಸಾವಾದ ಮನೇಲಿ ಒಲೆ ಹಚ್ಚಲ್ಲಕ್ಕ. ಪಕ್ಕದ ಮನೆಯೋರು ತರಬೇಕು.” ವಜೀರಾ ಅನ್ನ ಬಡಿಸಿ, ಸಾರು ಬಿಟ್ಟು, ತಟ್ಟೆಯನ್ನು ಅವಳ ಕಡೆ ತಳ್ಳಿದಳು. “ಉಣ್ಣು.”

ಉಚ್ಚಂಗಮ್ಮ ಮೊದಲ ತುತ್ತು ಬಾಯಿಗಿಟ್ಟಳು. ನುಂಗಲಾಗಲಿಲ್ಲ. ವಜೀರಾ ಎದುರಿಗೆ ಕೂತು, ಅದೇ ತಟ್ಟೆಗೆ ಕೈ ಹಾಕಿ, ತಾನೂ ಒಂದು ತುತ್ತು ತೆಗೆದುಕೊಂಡಳು.